‘ಸಂಸ್ಕಾರ’: ಕಾದಂಬರಿಯೂ ಚಲಚ್ಚಿತ್ರವೂ

೧

ಕಾವ್ಯವು ಶ್ರವ್ಯವೆಂದೂ ದೃಶ್ಯವೆಂದೂ ಎರಡು ಬಗೆಯೆಂಬುದು ನಮ್ಮ ಆಲಂಕಾರಿಕರು ಮಾಡಿರುವ ವಿಭಾಗ. ಒಂದರಲ್ಲಿದ್ದ ವಸ್ತುವನ್ನು ಮತ್ತೊಂದಕ್ಕೆ ಅಳವಡಿಸಿಕೊಳ್ಳುವುದೂ ಅಷ್ಟೇ ಹಳೆಯ ರೂಢಿ. ಮಹಾಭಾರತದ ಶಕುಂತಲೋಪಾಖ್ಯಾನವನ್ನು ಕಾಳಿದಾಸನು ನಾಟಕವಾಗಿ ರಚಿಸಿದಾಗ ಮೂಲದಲ್ಲಿಲ್ಲದ ದೂರ್ವಾಸಶಾಪವನ್ನು ತಂದನು. ಅದರ ಫಲವಾಗಿ ದುಷ್ಯಂತನು ಬೇರೊಬ್ಬ ಮನುಷ್ಯನಾದನು. ಬೇಕೆಂದೇ ಅಲ್ಲಗಳೆದ ಅರಸು ಹೋಗಿ ಮರೆತು ನೊಂದ ಅರಸು ಬಂದನು. ಇದನ್ನು ಯಾರೂ ಮೂಲದ್ರೋಹವೆಂದು ಕರೆಯಲಿಲ್ಲ. ಪೂರ್ವಕಥೆಯಿಂದ ಬಂದ ಅಂಶವು ರಸಕ್ಕೆ ಹೊಂದದಿದ್ದರೆ ಕವಿಯು ಅದನ್ನು ಬಿಟ್ಟು ಹೊಂದುವುದನ್ನು ಕಲ್ಪಿಸಿಕೊಳ್ಳಬೇಕೆಂದು ಆನಂದವರ್ಧನನೂ ಧ್ವನ್ಯಾಲೋಕದಲ್ಲಿ ಅನುಜ್ಞೆಯಿತ್ತಿದ್ದಾನೆ.

ಹೀಗಿದ್ದರೂ, ಕಾದಂಬರಿಯೊಂದು ಚಲಚ್ಚಿತ್ರವಾದಾಗ ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ಒಂದೇ: ಚಿತ್ರವು ಮೂಲಕ್ಕೆ ನಿಷ್ಠವಾಗಿದೆಯೋ ಇಲ್ಲವೋ? ಘಟನೆಗಳನ್ನು ಎಣಿಸಿ, ಇಷ್ಟು ಉಳಿದಿವೆ ಇಷ್ಟು ಹೋಗಿವೆ ಎಂದು ಲೆಕ್ಕ ಒಪ್ಪಿಸುವುದನ್ನೇ ವಿಮರ್ಶೆಯೆಂದು ಭಾವಿಸುವವರುಂಟು. ಈ ಮಾನದಂಡವು ಸಾಲದೆಂಬುದನ್ನು ತೋರಿಸಲು ಶ್ರೀ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ಕ್ಕಿಂತ ಉಚಿತವಾದ ನಿದರ್ಶನವು ಕನ್ನಡದಲ್ಲಿ ದೊರೆಯಲಾರದು. ಇಲ್ಲಿ ಚಿತ್ರವು ಕಥೆಯ ಎಲುಬುಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿದೆ. ಆದರೂ ಎರಡು ಕೃತಿಗಳು ಕೇಳುವ ಪ್ರಶ್ನೆಗಳು ಬೇರೆ ಬೇರೆ. ಕಾದಂಬರಿಯ ಕೇಂದ್ರದಲ್ಲಿರುವುದು ಒಂದು ಮನಸ್ಸು. ಚಿತ್ರದ ಕೇಂದ್ರದಲ್ಲಿರುವುದು ಒಂದು ಅಗ್ರಹಾರ. ಈ ಸ್ಥಾನಪಲ್ಲಟವು ನಿರ್ದೇಶಕನ ಇಚ್ಛೆಯಿಂದ ಆದುದಕ್ಕಿಂತ ಹೆಚ್ಚಾಗಿ ಕೇಳುವ ಮಾಧ್ಯಮವು ಕಾಣುವ ಮಾಧ್ಯಮವಾದುದರಿಂದಲೇ ಆಯಿತೆಂಬುದು ಪ್ರಕೃತ ಲೇಖನದ ಪ್ರತಿಪಾದ್ಯ.

೨

ಮೊದಲು ಎರಡು ಕೃತಿಗಳ ಹೊರಗಣ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬೇಕು. ಕಾದಂಬರಿಯು ೧೯೬೫ರಲ್ಲಿ ಪ್ರಕಟವಾಯಿತು. ಅದರ ಕರ್ತೃಗಳು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ೧೯೩೨ರಲ್ಲಿ ಹುಟ್ಟಿದವರು. ತಾವು ಚಿತ್ರಿಸಿದ ಜೀವನವನ್ನು ಒಳಗಿನಿಂದ ಬಲ್ಲವರು. ಚಿತ್ರವು ೧೯೭೦ರದು. ಅದರ ನಿರ್ಮಾಪಕರೂ ನಿರ್ದೇಶಕರೂ ಆದ ಶ್ರೀ ಪಟ್ಟಾಭಿರಾಮ ರೆಡ್ಡಿಯವರು ತೆಲುಗಿನ ಹೊಸ ಕಾವ್ಯದಲ್ಲಿ ಹೆಸರಾದ ಕವಿಗಳು. ಚಿತ್ರಕಥೆಯನ್ನು ಸಿದ್ಧಪಡಿಸಿ ಪ್ರಾಣೇಶಾಚಾರ್ಯನ ಪಾತ್ರವನ್ನೂ ವಹಿಸಿದವರು ಶ್ರೀ ಗಿರೀಶ ಕಾರ್ನಾಡರು. ನಾರಣಪ್ಪನಾದವರು ಶ್ರೀ ಪಿ. ಲಂಕೇಶರು, ಚಂದ್ರಿಯಾದವರು ಶ್ರೀಮತಿ ಸ್ನೇಹಲತಾ ರೆಡ್ಡಿಯವರು. ಛಾಯಾಗ್ರಹಣವು ಆಸ್ಟ್ರೇಲಿಯಾ ದೇಶದ ಟಾಮ್ ಕೋವನ್ ಎಂಬವರದು. ಸಂಗೀತವು ಸರೋದ್ ವಾದಕರಾದ ಶ್ರೀ ರಾಜೀವ ತಾರಾನಾಥರದು. ಕಪ್ಪು-ಬಿಳುಪಿನಲ್ಲಿ, ಶೃಂಗೇರಿಯ ಸೀಮೆಯ ಒಂದು ಹಳ್ಳಿಯಲ್ಲಿ ಇದನ್ನು ಚಿತ್ರಿಸಿದರು. ಮದರಾಸಿನ ಸೆನ್ಸಾರ್ ಮಂಡಲಿಯು ಮೊದಲು ಇದರ ಪ್ರದರ್ಶನಕ್ಕೆ ಅನುಮತಿಯನ್ನು ನಿರಾಕರಿಸಿತು. ಕೇಂದ್ರ ಸರ್ಕಾರದ ಮಟ್ಟದಲ್ಲಿ ಆ ನಿರ್ಬಂಧವು ನೀಗಿದ ಬಳಿಕ ಚಿತ್ರವು ತೆರೆಕಂಡಿತು. ೧೯೭೦ನೆಯ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆದ ಮೊದಲನೆಯ ಕನ್ನಡ ಚಿತ್ರವೂ ಇದೇ ಆಯಿತು.

ಕಥೆಯು ವಾಚಕರಿಗೆ ಪರಿಚಿತವಾದುದೇ. ದೂರ್ವಾಸಪುರವೆಂಬ ಮಾಧ್ವ ಬ್ರಾಹ್ಮಣರ ಅಗ್ರಹಾರದಲ್ಲಿ ನಾರಣಪ್ಪನು ಸತ್ತಿದ್ದಾನೆ. ಅವನು ಮದ್ಯಮಾಂಸಗಳನ್ನು ಸೇವಿಸಿ, ಚಂದ್ರಿಯೆಂಬ ವೇಶ್ಯೆಯನ್ನು ಮನೆಯಲ್ಲಿಟ್ಟುಕೊಂಡು, ಬ್ರಾಹ್ಮಣ್ಯವನ್ನು ತಾನೇ ಬಿಟ್ಟವನು. ಆದರೆ ಅಗ್ರಹಾರವು ಅವನನ್ನು ಬಹಿಷ್ಕರಿಸಿರಲಿಲ್ಲ. ಶವವು ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ. ಎತ್ತಲು ಯಾರೂ ಮುಂದಾಗುವುದಿಲ್ಲ. ವೇದಾಂತಶಿರೋಮಣಿಯಾದ ಪ್ರಾಣೇಶಾಚಾರ್ಯನು ಗ್ರಂಥಗಳಲ್ಲಿ ಉತ್ತರವನ್ನು ಹುಡುಕಿ ಕಾಣದೆ, ಮಾರುತಿಯ ಗುಡಿಯಲ್ಲಿ ಪ್ರಸಾದವನ್ನು ಕೇಳಿ ಪಡೆಯದೆ, ಮರಳುವ ದಾರಿಯ ಕತ್ತಲೆಯಲ್ಲಿ ಚಂದ್ರಿಯನ್ನು ಕೂಡುತ್ತಾನೆ. ಚಂದ್ರಿಯು ಮರಳಿ ಬಂದು ಮುಸಲ್ಮಾನನೊಬ್ಬನ ನೆರವಿನಿಂದ ಶವವನ್ನು ಗುಟ್ಟಾಗಿ ಸುಟ್ಟು ಊರು ಬಿಡುತ್ತಾಳೆ. ಅಗ್ರಹಾರಕ್ಕೆ ಪ್ಲೇಗು ತಗಲುತ್ತದೆ. ರೋಗಿಣಿಯಾದ ಹೆಂಡತಿ ಭಾಗೀರಥಿಯು ತೀರಿಕೊಂಡ ಮೇಲೆ ಆಚಾರ್ಯನು ಹೊರಟು ಅಲೆಯುತ್ತಾನೆ. ಪುಟ್ಟನೆಂಬ ಮಾಲೇರನು ಅವನ ಬೆನ್ನು ಹತ್ತುತ್ತಾನೆ.

೩

ಎರಡು ಕೃತಿಗಳ ಮೊದಲನೆಯ ಭೇದವು ಸತ್ತವನದು. ಕಾದಂಬರಿಯು ತೆರೆಯುವ ಹೊತ್ತಿಗೆ ನಾರಣಪ್ಪನು ಇಲ್ಲ. ಅವನ ವಿಷಯವಾಗಿ ನಾವು ತಿಳಿಯುವುದೆಲ್ಲ ಇತರರ ಬಾಯಿಂದ, ಇತರರ ನೆನಪಿನಿಂದ. ಗರುಡಾಚಾರ್ಯನ ಮಾತಿನಲ್ಲಿ ಒಬ್ಬ ನಾರಣಪ್ಪನಿದ್ದಾನೆ; ಲಕ್ಷ್ಮಣಾಚಾರ್ಯನ ದೂರಿನಲ್ಲಿ ಇನ್ನೊಬ್ಬನು; ಚಂದ್ರಿಯ ಮೌನದಲ್ಲಿ ಮತ್ತೊಬ್ಬನು; ಪ್ರಾಣೇಶಾಚಾರ್ಯನ ಸ್ಮೃತಿಯಲ್ಲಿ ತನ್ನೊಡನೆ ಪಂದ್ಯ ಕಟ್ಟಿ ನಿಂತ ಎದುರಾಳಿಯೊಬ್ಬನು. ಇವರೆಲ್ಲ ಒಬ್ಬನೇ ಹೌದೋ ಅಲ್ಲವೋ ಎಂಬುದನ್ನು ನಿರ್ಣಯಿಸುವ ಸಾಧನವು ನಮ್ಮಲ್ಲಿಲ್ಲ. ಅಂದಮೇಲೆ ಕಾದಂಬರಿಯ ನಾರಣಪ್ಪನು ವ್ಯಕ್ತಿಯೆನ್ನುವುದಕ್ಕಿಂತ ಅಗ್ರಹಾರದ ಪ್ರತಿಯೊಬ್ಬನ ಒಳಗೂ ಇರುವ ಅಡಗಿದ ಇಚ್ಛೆಯ ಹೆಸರು. ಆಚಾರ್ಯನ ಮುಂದಿನ ಪತನವು ಅರ್ಥವಾಗುವುದು ಇದರಿಂದಲೇ: ಹೊರಗೆ ಸತ್ತವನು ಅವನ ಒಳಗೆ ಬದುಕಿದ್ದಾನೆ.

ಚಿತ್ರದಲ್ಲಿ ಸ್ಮೃತಿಯೂ ಕಣ್ಣಿಗೆ ಕಾಣಬೇಕು. ಆದುದರಿಂದ ಹಿಂದಿನ ಪ್ರಸಂಗಗಳಲ್ಲಿ ನಾರಣಪ್ಪನು ಶ್ರೀ ಲಂಕೇಶರ ದೇಹದಲ್ಲಿ, ಅವರ ಧ್ವನಿಯಲ್ಲಿ, ಅವರ ನಡೆಯಲ್ಲಿ ಎದುರಿಗೆ ಬಂದು ನಿಲ್ಲುತ್ತಾನೆ. ಅಭಿನಯವು ಶಕ್ತಿಯುತವಾದುದೆಂಬುದನ್ನು ಒಪ್ಪಲೇಬೇಕು. ಆದರೆ ಅವನನ್ನು ಕಂಡ ಕ್ಷಣದಲ್ಲಿ ಪ್ರೇಕ್ಷಕನಿಗೆ ಅವನು ನಿಶ್ಚಿತನಾಗುತ್ತಾನೆ. ಯಾರ ನೆನಪಿನಲ್ಲಿ ಬಂದರೂ ಮುಖವು ಒಂದೇ. ಬಾಯಿಗೊಂದು ನಾರಣಪ್ಪನೆಂಬ ಕಾದಂಬರಿಯ ಸಂದಿಗ್ಧತೆಯು ಆ ಒಂದು ಮುಖದಲ್ಲಿ ಕರಗಿಹೋಗುತ್ತದೆ. ಫಲವೇನೆಂದರೆ, ಚಿತ್ರದಲ್ಲಿ ವಾದವು ಇಬ್ಬರು ಮನುಷ್ಯರ ನಡುವಣದಾಗುತ್ತದೆ: ಒಬ್ಬ ಆಚಾರವಂತ, ಒಬ್ಬ ಆಚಾರಭಂಜಕ. ಕಾದಂಬರಿಯಲ್ಲಿ ಅದೇ ವಾದವು ಒಬ್ಬನೇ ಮನುಷ್ಯನ ಒಳಗಣದು.

ಇದಕ್ಕೆ ಪೂರಕವಾದ ಒಂದು ಸೂಕ್ಷ್ಮವನ್ನು ಕಾದಂಬರಿಯೇ ಅಡಗಿಸಿಟ್ಟಿದೆ. ಆಚಾರ್ಯನು ಶಕುಂತಲೆಯ ರೂಪವನ್ನು ರಸವತ್ತಾಗಿ ವ್ಯಾಖ್ಯಾನಿಸಿದ್ದನ್ನು ಕೇಳಿದ ತರುಣನೊಬ್ಬನು ನೇರವಾಗಿ ಹೊಳೆಯ ಕಡೆಗೆ ನಡೆದು ಅಸ್ಪೃಶ್ಯ ಹೆಣ್ಣೊಬ್ಬಳನ್ನು ಕೂಡುತ್ತಾನೆ. ನಾರಣಪ್ಪನು ಇದನ್ನೇ ಎತ್ತಿ ಆಚಾರ್ಯನನ್ನು ಚುಚ್ಚುತ್ತಾನೆ. ವಕ್ತಾರನಿಗೆ ಕಾವ್ಯವು ಕೇವಲ ಶಬ್ದವಾಗಿ ಉಳಿದಿತ್ತು. ಶ್ರೋತೃವಿಗೆ ಅದು ಕಾಣಬೇಕಾದ, ಮುಟ್ಟಬೇಕಾದ ವಸ್ತುವಾಯಿತು. ಶ್ರವ್ಯವು ದೃಶ್ಯವಾಗಿ, ದೃಶ್ಯವು ಕ್ರಿಯೆಯಾಗುವ ಪರಿಯನ್ನು ಗ್ರಂಥಕರ್ತರು ಇಲ್ಲಿ ಕಥೆಯ ಒಂದು ಎಳೆಯನ್ನಾಗಿಯೇ ನೆಯ್ದಿದ್ದಾರೆ. ಊರಿನ ಹೆಸರು ದೂರ್ವಾಸನದು. ಎಂದರೆ ಕಾಳಿದಾಸನು ಆ ಕಥೆಯಲ್ಲಿ ಯಾವ ಋಷಿಯನ್ನು ತಂದು ಸೇರಿಸಿದನೋ ಅವನದೇ. ವ್ಯಾಸನ ಕಥೆಗೆ ಕಾಳಿದಾಸನು ಮಾಡಿದುದನ್ನು ಕಾಳಿದಾಸನ ವರ್ಣನೆಗೆ ದೂರ್ವಾಸಪುರದ ತರುಣನು ಮಾಡುತ್ತಾನೆಂದರೆ ಅತಿಶಯವಾಗಲಾರದು. ಕೇಳಿದುದನ್ನು ಕಾಣುವಂತೆ ಮಾಡಿದಾಗ ಅದರ ನೀತಿಯೂ ಬದಲಾಗುತ್ತದೆಂಬ ಎಚ್ಚರಿಕೆಯು, ಚಿತ್ರವು ಹುಟ್ಟುವುದಕ್ಕೆ ಮೊದಲೇ, ಕಾದಂಬರಿಯ ಹೊಟ್ಟೆಯಲ್ಲಿತ್ತು.

೪

ದಶರೂಪಕ, ಸಾಹಿತ್ಯದರ್ಪಣ ಮೊದಲಾದ ಲಕ್ಷಣಗ್ರಂಥಗಳು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದ ವಿಷಯಗಳ ಒಂದು ಪಟ್ಟಿಯನ್ನು ಕೊಡುತ್ತವೆ. ದೂರಪ್ರಯಾಣ, ವಧೆ, ಮರಣ, ಭೋಜನ, ಸ್ನಾನ, ಸುರತ ಇವು ಅದರಲ್ಲಿ ಸೇರಿವೆ. ಇವನ್ನು ಸೂಚಿಸಬಹುದು, ಹೇಳಿಸಬಹುದು, ಕಣ್ಣೆದುರಿಗೆ ನಡೆಸಬಾರದು. ಈ ನಿಷೇಧಕ್ಕೆ ಲಜ್ಜೆಯೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಶರೀರದ ಇಂಥ ವ್ಯಾಪಾರಗಳನ್ನು ಕಂಡಾಗ ಪ್ರೇಕ್ಷಕನ ಗಮನವು ಆ ಶರೀರದಲ್ಲಿಯೇ ನಿಂತುಬಿಡುತ್ತದೆ, ಅರ್ಥಕ್ಕೆ ಮುಂದುವರಿಯುವುದಿಲ್ಲವೆಂಬ ನಾಟ್ಯಾನುಭವವೂ ಅದರ ಹಿಂದೆ ಇರಬೇಕು.

ಈಗ ಕಾದಂಬರಿಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಅದು ತೆರೆಯುವುದು ಸ್ನಾನದಿಂದ: ಆಚಾರ್ಯನು ಕೃಶಳಾದ ತನ್ನ ಹೆಂಡತಿಗೆ ಮೀಯಿಸುತ್ತಾನೆ. ಅದರ ಆಧಾರವು ಮರಣ. ಅದರ ಉದ್ದಕ್ಕೂ ವ್ಯಾಪಿಸಿರುವುದು ಭೋಜನ, ಅಥವಾ ಭೋಜನದ ಅಭಾವ. ಹಸಿವನ್ನು ತಾಳಲಾರದ ದಾಸಾಚಾರ್ಯನು ಪಾರಿಜಾತಪುರಕ್ಕೆ ಹೋಗಿ ಸ್ಮಾರ್ತರ ಮನೆಯಲ್ಲಿ ತಿನ್ನುತ್ತಾನೆ, ಕೊನೆಯ ಭಾಗದಲ್ಲಿ ಆಚಾರ್ಯನೇ ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಾನೆ. ಅದರ ನಡುಗಂಬವು ಸುರತ. ಅದರ ಉತ್ತರಾರ್ಧವು ದೂರಪ್ರಯಾಣ. ಪ್ರಾಚೀನ ನಾಟ್ಯವು ಯಾವುದನ್ನು ಕಣ್ಣಿಗೆ ಒಪ್ಪಿಸಬಾರದೆಂದಿತೋ ಅವೆಲ್ಲವೂ ಈ ಕಾದಂಬರಿಯ ಘಟ್ಟಗಳು. ಅವು ಶಬ್ದದಲ್ಲಿ ನಡೆಯುವುದರಿಂದ ಪ್ರತಿಯೊಂದೂ ತಕ್ಷಣವೇ ವಿಚಾರವಾಗಿ ಪರಿಣಮಿಸುತ್ತದೆ. ಸ್ನಾನವು ಆಚಾರ್ಯನ ತ್ಯಾಗಾಭಿಮಾನವಾಗುತ್ತದೆ. ಹಸಿವು ಬ್ರಾಹ್ಮಣ್ಯದ ಪರೀಕ್ಷೆಯಾಗುತ್ತದೆ. ಸುರತವು ಕರ್ತೃತ್ವದ ಪ್ರಶ್ನೆಯಾಗುತ್ತದೆ.

ಕಾಡಿನ ಆ ರಾತ್ರಿಯನ್ನೇ ತೆಗೆದುಕೊಳ್ಳೋಣ. ಕಾದಂಬರಿಯಲ್ಲಿ ಕತ್ತಲೆಯಿದೆ, ಆಯಾಸವಿದೆ, ಹಸಿವೆಯಿದೆ. ಚಂದ್ರಿಯು ಭಕ್ತಿಯಿಂದ ಪಾದವನ್ನು ಮುಟ್ಟುತ್ತಾಳೆ. ಹರಸಲು ಬಗ್ಗಿದ ಕೈ ದಾರಿ ತಪ್ಪುತ್ತದೆ. ಅವಳು ಕೊಟ್ಟ ಬಾಳೆಯ ಹಣ್ಣನ್ನು ಅವನು ತಿನ್ನುತ್ತಾನೆ. ಭಕ್ತಿ, ಕರುಣೆ, ಹಸಿವು, ಕಾಮ ಇವುಗಳ ನಡುವಣ ಗೆರೆಯು ಎಲ್ಲಿ ಅಳಿಯಿತೆಂಬುದು ಓದುಗನಿಗೆ ತಿಳಿಯುವುದಿಲ್ಲ. ಆಚಾರ್ಯನಿಗಂತೂ ಮೊದಲೇ ತಿಳಿಯದು. ಮುಂದೆ ಅವನು ನೂರು ಸಲ ಕೇಳಿಕೊಳ್ಳುವ ಪ್ರಶ್ನೆಯು ಈ ಅಳಿಸುವಿಕೆಯಿಂದಲೇ ಹುಟ್ಟಿದ್ದು: ಅದನ್ನು ನಾನು ಮಾಡಿದೆನೋ, ಅದು ನನಗೆ ಸಂಭವಿಸಿತೋ? ಚಿತ್ರವು ಈ ಸನ್ನಿವೇಶವನ್ನು ಸಂಯಮದಿಂದಲೇ ನಿರ್ವಹಿಸಿದೆ; ಅಗ್ಗದ ಆಕರ್ಷಣೆಗೆ ಎಡೆಗೊಟ್ಟಿಲ್ಲ. ಆದರೆ ಸಂಯಮವೆಷ್ಟೇ ಇರಲಿ, ತೆರೆಯ ಮೇಲೆ ಇಬ್ಬರು ಮನುಷ್ಯರು ಹತ್ತಿರವಾಗುವುದನ್ನು ಪ್ರೇಕ್ಷಕನು ಕಾಣುತ್ತಾನೆ. ಕಂಡವನು ಸಾಕ್ಷಿ, ಸಾಕ್ಷಿಗೆ ಸಂಶಯವಿಲ್ಲ. ಆಚಾರ್ಯನಿಗೆ ಯಾವುದು ಒಗಟೋ ಅದು ಪ್ರೇಕ್ಷಕನಿಗೆ ನಡೆದುಹೋದ ಸಂಗತಿ.

ಸೆನ್ಸಾರ್ ಮಂಡಲಿಯ ನಿರಾಕರಣದ ತಾತ್ಪರ್ಯವೂ ಇದರಿಂದ ಸ್ಪಷ್ಟವಾಗುತ್ತದೆ. ಕಾದಂಬರಿಯು ಐದು ವರ್ಷಗಳ ಕಾಲ ಓದುಗರ ಕೈಯಲ್ಲಿತ್ತು, ವಾದವಿವಾದಗಳು ನಡೆದುವು, ಅದನ್ನು ಓದಬಾರದೆಂದು ಸರ್ಕಾರವು ಹೇಳಲಿಲ್ಲ. ಅದೇ ಕಥೆಯು ಕಾಣತಕ್ಕದ್ದಾದೊಡನೆ ಅಡ್ಡಿ ಬಂದಿತು. ಕಾರಣವನ್ನು ಚಿತ್ರವು ಲಕ್ಷಾಂತರ ಜನರನ್ನು ಮುಟ್ಟುತ್ತದೆಂಬುದರಲ್ಲಿ ಮಾತ್ರ ಹುಡುಕಿದರೆ ಸಾಲದು. ಓದುಗನು ಆಚಾರ್ಯನ ಮನಸ್ಸಿನೊಳಗೆ ನಿಂತು ಅಗ್ರಹಾರವನ್ನು ನೋಡುತ್ತಾನೆ. ಅವನ ನಾಚಿಕೆ, ಅವನ ಭಯ ಓದುಗನದೂ ಆಗುತ್ತವೆ. ಪ್ರೇಕ್ಷಕನು ಹೊರಗೆ ನಿಂತು ಅಗ್ರಹಾರವನ್ನೂ ಆಚಾರ್ಯನನ್ನೂ ಒಟ್ಟಿಗೆ ನೋಡುತ್ತಾನೆ. ಆಗ ಕಥೆಯು ಆತ್ಮಪರೀಕ್ಷೆಯಾಗಿ ಕಾಣದೆ ಒಂದು ಸಮುದಾಯದ ಮೇಲೆ ಹೊರಿಸಿದ ಆರೋಪಪತ್ರದಂತೆ ಕಾಣುವ ಸಂಭವವುಂಟು. ನಿರಾಕರಣವು ಸಾಧುವೆಂದು ಇದರ ಅರ್ಥವಲ್ಲ, ಅದು ಸಾಧುವಾಗಿರಲಿಲ್ಲ. ಆದರೆ ಅದು ಕೇವಲ ಅರಸಿಕತೆಯ ಫಲವೆಂದು ತಳ್ಳಿಬಿಟ್ಟರೆ, ಎರಡು ಮಾಧ್ಯಮಗಳ ಭೇದವನ್ನು ಅದು ತನಗರಿಯದಂತೆ ಗುರುತಿಸಿತ್ತೆಂಬುದನ್ನು ಕಾಣದೆ ಹೋಗುತ್ತೇವೆ.

ಗಂಧದ ವಿಷಯವನ್ನೂ ಇಲ್ಲಿಯೇ ಹೇಳಬಹುದು. ಕಾದಂಬರಿಯಲ್ಲಿ ಶವದ ನಾತವು ಮನೆಮನೆಗೂ ಹೊಗುತ್ತದೆ. ಅದು ಕಥೆಯ ನಡೆಯನ್ನು ಅಳೆಯುವ ಗಡಿಯಾರದಂತಿದೆ. ನಾತಕ್ಕೆ ಶಬ್ದವೇ ಸಮರ್ಥವಾದ ವಾಹನ. ಏಕೆಂದರೆ ಶಬ್ದವು ಪ್ರತಿಯೊಬ್ಬ ಓದುಗನ ಸ್ವಂತ ನೆನಪನ್ನು ಕರೆಯುತ್ತದೆ. ಚಿತ್ರವು ಮೂಗು ಮುಚ್ಚಿದ ಮುಖಗಳನ್ನೋ ಮಾಡಿನ ಮೇಲೆ ಇಳಿದ ಹದ್ದುಗಳನ್ನೋ ತೋರಿಸಬಲ್ಲುದೇ ಹೊರತು ನಾತವನ್ನು ತೋರಿಸಲಾರದು. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ವಿಭಾವವು ಜಾರಿಹೋಗಿ ಅನುಭಾವವು ಮಾತ್ರ ಉಳಿಯುತ್ತದೆ. ಬೀಭತ್ಸವು ನಮ್ಮೊಳಗೆ ಹುಟ್ಟುವ ಬದಲು ಇತರರಲ್ಲಿ ಹುಟ್ಟಿರುವುದನ್ನು ನಾವು ನೋಡುತ್ತೇವೆ.

೫

ಎರಡನೆಯ ದೊಡ್ಡ ಭೇದವು ಉತ್ತರಾರ್ಧದ್ದು. ಕಾದಂಬರಿಯ ಮಹತ್ತ್ವವು ಇದರಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಚಂದ್ರಿಯು ಶವವನ್ನು ಸುಡಿಸಿದುದು ಓದುಗನಿಗೆ ಗೊತ್ತು. ಅಗ್ರಹಾರಕ್ಕೆ ಗೊತ್ತಿಲ್ಲ, ಆಚಾರ್ಯನಿಗೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಆಚಾರ್ಯನು ಇಲ್ಲದ ಶವವನ್ನು ಹೊತ್ತು ತಿರುಗುತ್ತಾನೆ. ಹೊರಗಣ ಸಮಸ್ಯೆಯು ಬೂದಿಯಾಗಿದೆ. ಒಳಗಣದು ಈಗ ಉರಿಯಲು ತೊಡಗಿದೆ. ಗ್ರಂಥಕರ್ತರ ಗದ್ಯವೂ ಇಲ್ಲಿ ಬದಲಾಗುತ್ತದೆ. ಮೊದಲ ಭಾಗದಲ್ಲಿ ಹಲವರ ಮನೆಗಳನ್ನು ಹೊಕ್ಕು ಹೊರಡುತ್ತಿದ್ದ ನಿರೂಪಣೆಯು ಒಬ್ಬನೇ ಮನುಷ್ಯನ ಚಿತ್ತದ ದಾರಿಯನ್ನು ಹಿಡಿಯುತ್ತದೆ. ಭೂತಕಾಲದ ಕ್ರಿಯಾಪದಗಳ ನಡುವೆ ವರ್ತಮಾನವು ನುಗ್ಗುತ್ತದೆ. ಒಂದು ವಾಕ್ಯದ ಸಂಕಲ್ಪವನ್ನು ಮುಂದಿನ ವಾಕ್ಯವು ಮುರಿಯುತ್ತದೆ. ಹೇಳಿಬಿಡಬೇಕು, ಹೇಳಬಾರದು, ಮರಳಬೇಕು, ಚಂದ್ರಿಯಿದ್ದಲ್ಲಿಗೆ ಹೋಗಬೇಕು, ಇದೇ ಲೋಲಕದ ಚಲನೆಯು ಪುಟಪುಟಗಳಲ್ಲಿ ನಡೆಯುತ್ತದೆ.

ಪುಟ್ಟನ ಪಾತ್ರಕಲ್ಪನೆಯು ಇಲ್ಲಿ ಅತ್ಯಂತ ಉಚಿತವಾದುದು. ಅವನು ಮಾತುಗಾರ, ಸಂಗಪ್ರಿಯ, ಲೋಕದ ಎಲ್ಲ ವಸ್ತುಗಳಲ್ಲಿಯೂ ಸಮಾನವಾದ ಕುತೂಹಲವುಳ್ಳವನು. ಕೋಳಿಯಂಕ, ರಥೋತ್ಸವದ ಸಂತೆ, ಪದ್ಮಾವತಿಯ ಮನೆ, ಎಲ್ಲಕ್ಕೂ ಅವನಲ್ಲಿ ಒಂದೇ ಉತ್ಸಾಹ. ಆಚಾರ್ಯನಿಗೆ ಪ್ರತಿಯೊಂದೂ ಧರ್ಮಸಂಕಟ. ಪುಟ್ಟನಿಗೆ ಯಾವುದೂ ಅಲ್ಲ. ಒಬ್ಬನು ಪೂರ್ತಿ ಒಳಗೆ, ಒಬ್ಬನು ಪೂರ್ತಿ ಹೊರಗೆ. ಕಾದಂಬರಿಯಲ್ಲಿ ಈ ಜೋಡಿಯು ಪರಸ್ಪರ ವ್ಯಾಖ್ಯಾನವಾಗುತ್ತದೆ. ಚಿತ್ರದ ಕಣ್ಣಾದರೋ ಸ್ವಭಾವದಿಂದಲೇ ಪುಟ್ಟನ ಪಕ್ಷದ್ದು: ಅದು ವಸ್ತುಗಳನ್ನು, ಮುಖಗಳನ್ನು, ಚಲನೆಯನ್ನು ಪ್ರೀತಿಸುತ್ತದೆ. ಸಂತೆಯನ್ನು ತೋರಿಸುವುದು ಅದಕ್ಕೆ ಸುಲಭ. ಸಂತೆಯ ನಡುವೆ ನಡೆಯುತ್ತಿರುವ ಒಬ್ಬನು ತನ್ನನ್ನು ಯಾರಾದರೂ ಗುರುತಿಸಿಯಾರೆಂದು ಅಂಜುತ್ತ, ಗುರುತಿಸಿದರೆ ಬಿಡುಗಡೆಯಾದೀತೆಂದು ಆಶಿಸುತ್ತ ಇದ್ದಾನೆಂಬುದನ್ನು ತೋರಿಸುವುದು ಬಹು ಕಷ್ಟ. ಶ್ರೀ ಕಾರ್ನಾಡರ ಮುಖವು ಈ ಕಷ್ಟವನ್ನು ಹೊರಲು ಪ್ರಾಮಾಣಿಕವಾಗಿ ಯತ್ನಿಸಿದೆ. ಅವರ ಅಭಿನಯದ ಗುಣವು ಸ್ತಬ್ಧತೆ. ಆದರೆ ಸ್ತಬ್ಧವಾದ ಮುಖವನ್ನು ನೋಡಿ ಪ್ರೇಕ್ಷಕನು ಅವನು ಸಂಕಟಪಡುತ್ತಾನೆಂದು ತಿಳಿಯಬಲ್ಲನೇ ಹೊರತು, ಯಾವ ತರ್ಕದ ಮೆಟ್ಟಿಲುಗಳಿಂದ ಆ ಸಂಕಟಕ್ಕೆ ಇಳಿದನೆಂದು ತಿಳಿಯಲಾರನು. ವ್ಯಸನವು ಕಾಣುತ್ತದೆ, ವಿಚಾರವು ಕಾಣುವುದಿಲ್ಲ.

ಆದುದರಿಂದಲೇ ಚಿತ್ರದ ಬಲವು ಪೂರ್ವಾರ್ಧದಲ್ಲಿ ಸಂಚಯವಾಗಿದೆ. ಚಿತೆಯು ಉರಿದ ಮೇಲೆ ಪ್ರೇಕ್ಷಕನ ಮನಸ್ಸಿನಲ್ಲಿ ಕಥೆಯ ಮುಖ್ಯವಾದ ಗಂಟು ಬಿಚ್ಚಿದಂತಾಗುತ್ತದೆ. ಉಳಿದುದು ಅನುಬಂಧದಂತೆ ತೋರುತ್ತದೆ. ಕಾದಂಬರಿಯಲ್ಲಿ ಇದಕ್ಕೆ ವಿಪರ್ಯಯ: ಪೂರ್ವಾರ್ಧವೇ ಪೀಠಿಕೆ, ಉತ್ತರಾರ್ಧವೇ ಗ್ರಂಥ. ಕೊನೆಯಲ್ಲಿ ಆಚಾರ್ಯನು ಬಂಡಿಯಲ್ಲಿ ಕುಳಿತು ಅಗ್ರಹಾರದತ್ತ ಸಾಗುತ್ತಿರುವಂತೆಯೇ ಕಾದಂಬರಿಯು ನಿಲ್ಲುತ್ತದೆ. ಅವನು ಹೇಳಿದನೋ ಇಲ್ಲವೋ, ಕೇಳಲು ಯಾರಾದರೂ ಉಳಿದಿದ್ದರೋ ಇಲ್ಲವೋ ನಮಗೆ ತಿಳಿಯದು. ಘಟನೆಯನ್ನು ಅಪೇಕ್ಷಿಸುವವನಿಗೆ ಇದು ಅಪೂರ್ಣ; ಮನಸ್ಸನ್ನು ಅನುಸರಿಸಿದವನಿಗೆ ಪೂರ್ಣ. ಏಕೆಂದರೆ ಆಚಾರ್ಯನು ಗ್ರಂಥದ ಆಧಾರವಿಲ್ಲದೆ ತಾನಾಗಿ ಒಂದು ನಿಶ್ಚಯಕ್ಕೆ ಬರುವುದೇ ಕಥೆಯ ಗುರಿಯಾಗಿತ್ತು.

‘ಸಂಸ್ಕಾರ’ವೆಂಬ ಶೀರ್ಷಿಕೆಯ ಶ್ಲೇಷವೂ ಈ ಎಡೆಯಲ್ಲಿ ವಿಚಾರಾರ್ಹವಾದುದು. ಶಬ್ದಕ್ಕೆ ಅಂತ್ಯಕ್ರಿಯೆಯೆಂದು ಅರ್ಥವಿದೆ, ಶುದ್ಧೀಕರಣವೆಂದು ಅರ್ಥವಿದೆ, ಅನುಭವವು ಮನಸ್ಸಿನಲ್ಲಿ ಬಿಟ್ಟುಹೋಗುವ ವಾಸನೆಯೆಂದೂ ಅರ್ಥವಿದೆ. ಕಾದಂಬರಿಯು ಮೊದಲನೆಯದರಿಂದ ಹೊರಟು ಮೂರನೆಯದರ ಮೂಲಕ ಎರಡನೆಯದನ್ನು ಅರಸುತ್ತದೆ. ಚಿತ್ರದಲ್ಲಿ ಮೊದಲನೆಯ ಅರ್ಥಕ್ಕೆ ಉರಿಯುವ ಚಿತೆಯಿದೆ. ಉಳಿದ ಎರಡಕ್ಕೆ ದೃಶ್ಯವಾದ ಪ್ರತಿರೂಪವಿಲ್ಲ.

೬

ಮೂರನೆಯ ಭೇದವು ದೇಶದ್ದು. ಇದನ್ನು ಮಲೆನಾಡಿನ ಹೊರಗಿನ ವಾಚಕರ ದೃಷ್ಟಿಯಿಂದ ಹೇಳುವುದು ಅನುಕೂಲ. ಸವಣೂರಿನಲ್ಲಿ ಉತ್ತರಾದಿ ಮಠದ ಶ್ರೀ ಸತ್ಯಬೋಧತೀರ್ಥರ ಬೃಂದಾವನವಿದೆ. ಮಡಿ, ಸೂತಕ, ಪಂಕ್ತಿಭೇದ, ಪ್ರವಚನ ಇವು ಇಲ್ಲಿಯವರಿಗೆ ವಿವರಿಸಿ ಹೇಳಬೇಕಾದ ವಿಷಯಗಳಲ್ಲ. ಕನ್ನಡದಲ್ಲಿ ‘ನವ್ಯ’ವೆಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಮುಖ್ಯರಾದ ಶ್ರೀ ವಿನಾಯಕ ಕೃಷ್ಣ ಗೋಕಾಕರು ೧೯೦೯ರಲ್ಲಿ ಹುಟ್ಟಿದುದೂ ಈ ಊರಿನಲ್ಲಿಯೇ, ಆ ನವ್ಯದ ಗದ್ಯಕ್ಕೆ ‘ಸಂಸ್ಕಾರ’ವು ಶಿಖರಪ್ರಾಯವಾದುದು. ಇಂಥ ಊರಿನ ಓದುಗನು ಕಾದಂಬರಿಯಲ್ಲಿ ‘ಅಗ್ರಹಾರ’ವೆಂಬ ಮಾತನ್ನು ಕಂಡಾಗ ಅವನ ಕಣ್ಣಿಗೆ ಕಟ್ಟುವುದು ಎರೆನೆಲದ ಸೀಮೆಯ ಓಣಿ, ಮಣ್ಣಿನ ಮಾಳಿಗೆಯ ಮನೆಗಳು, ತಾನು ಬಲ್ಲ ಕಟ್ಟೆ, ತಾನು ಬಲ್ಲ ಮುಖಗಳು. ಗ್ರಂಥಕರ್ತರು ತುಂಗಾನದಿಯನ್ನೂ ಕಾಡನ್ನೂ ವರ್ಣಿಸಿದ್ದರೂ ಓದುಗನು ತನ್ನೂರಿನ ನಾಲ್ಕು ಕಂಬಗಳನ್ನು ಅದರೊಳಗೆ ನೆಟ್ಟುಕೊಳ್ಳದೆ ಇರಲಾರನು. ಶಬ್ದವು ಸಾಮಾನ್ಯವನ್ನು ಹೇಳುತ್ತದೆ. ವಿಶೇಷವನ್ನು ಓದುಗನು ತುಂಬುತ್ತಾನೆ. ಹೀಗೆ ತುಂಬಿದ ಮೇಲೆ ಪ್ರಾಣೇಶಾಚಾರ್ಯನ ಸಂಕಟವು ನೆರೆಮನೆಯದಾಗುತ್ತದೆ.

ಚಿತ್ರವು ಸಾಮಾನ್ಯವನ್ನು ತೋರಿಸಲಾರದು. ಅದು ಮಲೆನಾಡಿನ ಒಂದು ನಿಶ್ಚಿತವಾದ ಬೀದಿಯನ್ನು, ನಿಶ್ಚಿತವಾದ ಇಳಿಮಾಡಿನ ಮನೆಗಳನ್ನು, ಸುತ್ತಲಿನ ಕಾಡಿನ ನಿಶ್ಚಿತವಾದ ನೆರಳನ್ನು ತೋರಿಸುತ್ತದೆ. ಸವಣೂರಿನ ಪ್ರೇಕ್ಷಕನು ಅದನ್ನು ನೋಡಿ, ಹೀಗೂ ಒಂದು ಊರುಂಟೆಂದು ತಿಳಿಯುತ್ತಾನೆ. ಜ್ಞಾನವು ಹೆಚ್ಚಿತು, ಸಾಮೀಪ್ಯವು ಕಡಿಮೆಯಾಯಿತು. ಇದಕ್ಕೆ ಚಿತ್ರದ ನಿರ್ಮಾತೃಗಳ ಸ್ಥಾನವೂ ಸ್ವಲ್ಪಮಟ್ಟಿಗೆ ಕಾರಣ. ಕಾದಂಬರಿಕಾರರು ಅಗ್ರಹಾರದೊಳಗಿಂದ ಬಂದವರು, ನಿರ್ದೇಶಕರು ತೆಲುಗು ನಾಡಿನ ಕವಿಗಳು, ಛಾಯಾಗ್ರಾಹಕರು ಕಡಲಾಚೆಯವರು. ಹೊರಗಿನವನ ಕಣ್ಣಿಗೆ ಕಾಣುವ ವಸ್ತುಗಳೆಲ್ಲ ಹೊಸವು. ಜನಿವಾರವೂ ಹೊಸದು, ಬಾವಿಯ ಕಟ್ಟೆಯೂ ಹೊಸದು. ಆ ಹೊಸತನದಿಂದ ಚಿತ್ರಕ್ಕೆ ಅಪೂರ್ವವಾದ ಒಂದು ಸ್ಫುಟತೆಯು ಬಂದಿದೆ. ನಮ್ಮ ಅಂದಿನ ಚಿತ್ರಗಳಲ್ಲಿ ರೂಢವಾಗಿದ್ದ ಬಣ್ಣ ಬಳಿದ ಗೋಡೆಗಳೂ ಕೃತಕವಾದ ಬೆಳಕೂ ಇದರಲ್ಲಿಲ್ಲ. ಮಳೆನಾಡಿನ ಮಬ್ಬಿನಲ್ಲಿ ಮನುಷ್ಯರ ಮುಖಗಳು ಕಲ್ಲಿನಲ್ಲಿ ಕಡೆದಂತೆ ನಿಲ್ಲುತ್ತವೆ. ಒಳಗಿನವನಿಗೆ ರೂಢಿಯಿಂದ ಕಾಣದಾದುದನ್ನು ಹೊರಗಿನವನು ಕಾಣಿಸಿದ್ದಾನೆ. ಇದು ಲಾಭವೇ, ಆದರೆ ಕಾದಂಬರಿಯ ಲಾಭವಲ್ಲ, ಬೇರೊಂದು ಕೃತಿಯ ಲಾಭ.

೭

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಮನಸ್ಸಿಗಿಂತ ಸಮಾಜವು ಕಿರಿಯ ವಸ್ತುವೇ? ಆಚಾರ್ಯನೊಬ್ಬನ ತೊಳಲಾಟಕ್ಕೆ ಅಷ್ಟು ಬೆಲೆಯಿತ್ತು, ಹಸಿದ ಬ್ರಾಹ್ಮಣರನ್ನೂ ನಿರಾಶ್ರಿತಳಾದ ಚಂದ್ರಿಯನ್ನೂ ಹಿನ್ನೆಲೆಗೆ ಸರಿಸುವುದು ಕಾದಂಬರಿಯ ದೋಷವೇಕಾಗಬಾರದು? ಆಕ್ಷೇಪವು ನಿರಾಧಾರವಲ್ಲ. ಚಂದ್ರಿಯ ವಿಷಯದಲ್ಲಿ ಅದನ್ನು ಅಂಗೀಕರಿಸಬೇಕೆಂದೇ ನನಗೆ ತೋರುತ್ತದೆ. ಕಾದಂಬರಿಯಲ್ಲಿ ಅವಳು ಬಹುಮಟ್ಟಿಗೆ ಆಚಾರ್ಯನ ಪರಿವರ್ತನೆಗೆ ನಿಮಿತ್ತ. ಶವವನ್ನು ಸುಡಿಸಿದ ಮೇಲೆ ಅವಳು ಕಥೆಯಿಂದ ಹೊರಟುಹೋಗುತ್ತಾಳೆ, ಮುಂದೆ ಇರುವುದು ಆಚಾರ್ಯನ ಕಲ್ಪನೆಯಲ್ಲಿ ಮಾತ್ರ. ಆದರೆ ಇಡೀ ಅಗ್ರಹಾರದಲ್ಲಿ ಮಾಡಬೇಕಾದುದನ್ನು ಮಾಡಿದವಳು ಅವಳೊಬ್ಬಳೇ. ಶಾಸ್ತ್ರಜ್ಞರು ಗ್ರಂಥವನ್ನು ತಿರುವುತ್ತಿರಲು, ಲೋಭಿಗಳು ಅವಳು ಬಿಚ್ಚಿಟ್ಟ ಒಡವೆಗಳನ್ನು ತೂಗುತ್ತಿರಲು, ಸಂಸ್ಕಾರವು ನಡೆದುದು ಅವಳಿಂದ. ಚಿತ್ರದಲ್ಲಿ ಈ ಸಂಗತಿಗೆ ಸಹಜವಾದ ಗೌರವವು ದೊರೆಯುತ್ತದೆ. ಏಕೆಂದರೆ ಕ್ಯಾಮರಾ ಕೆಲಸ ಮಾಡುವವರನ್ನು ನೋಡುತ್ತದೆ, ಯೋಚಿಸುವವರನ್ನಲ್ಲ. ಶ್ರೀಮತಿ ಸ್ನೇಹಲತಾ ರೆಡ್ಡಿಯವರ ಮಿತಭಾಷಿಯಾದ ಚಂದ್ರಿಯು ತನ್ನ ಇರವಿನಿಂದಲೇ ಸುತ್ತಣ ಮಾತುಗಾರರನ್ನು ಸಣ್ಣವರನ್ನಾಗಿ ಮಾಡುತ್ತಾಳೆ. ಕಾದಂಬರಿಯು ಬೆಳೆಸದೆ ಬಿಟ್ಟ ಒಂದು ಅರ್ಥವನ್ನು ಚಿತ್ರವು ಹೀಗೆ ಬೆಳೆಸಿದೆ. ಆನಂದವರ್ಧನನ ಅನುಜ್ಞೆಯು ಸಾರ್ಥಕವಾಗುವುದು ಇಂಥಲ್ಲಿಯೇ.

ಆದುದರಿಂದ ಎರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವನ್ನು ಕೊಡುವುದು ಸಲ್ಲದು. ಎರಡೂ ಒಂದೇ ಎಂಬುದಂತೂ ಸರ್ವಥಾ ಸಲ್ಲದು. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಪಾಠ್ಯವಾದ ಕಾದಂಬರಿಯ ಬದಲಿಗೆ ಅದರ ಚಿತ್ರವನ್ನು ನೋಡಿ ಪರೀಕ್ಷೆಗೆ ಸಿದ್ಧರಾಗುವ ವಿದ್ಯಾರ್ಥಿಗಳು ಈಗ ವಿರಳರಲ್ಲ. ಕಥೆಯು ತಿಳಿದರೆ ಸಾಕೆಂದು ಅದಕ್ಕೆ ಸಮ್ಮತಿಸುವ ಅಧ್ಯಾಪಕರೂ ಇದ್ದಾರೆ. ಹಾಗೆ ಮಾಡಿದ ವಿದ್ಯಾರ್ಥಿಗೆ ದೂರ್ವಾಸಪುರದಲ್ಲಿ ಏನು ನಡೆಯಿತೆಂಬುದು ತಿಳಿದೀತು. ನಡೆದುದನ್ನು ಒಬ್ಬ ಮನುಷ್ಯನು ತನ್ನದೆಂದು ಒಪ್ಪಿಕೊಳ್ಳಲು ಎಷ್ಟು ದೂರ ನಡೆಯಬೇಕಾಯಿತೆಂಬುದು ತಿಳಿಯದು. ಅದಕ್ಕೆ ಆಚಾರ್ಯನ ವಾಕ್ಯಗಳೊಡನೆ ತಾನೂ ಹಿಂದೆಮುಂದೆ ನಡೆಯಬೇಕು. ಓದುವ ಶ್ರಮಕ್ಕೆ ಬದಲಿಲ್ಲ.

ತರಗತಿಯಲ್ಲಿ ಚಿತ್ರವನ್ನು ತೋರಿಸಬಾರದೆಂದು ನನ್ನ ಅಭಿಪ್ರಾಯವಲ್ಲ. ಕಾದಂಬರಿಯನ್ನು ಪೂರ್ತಿಯಾಗಿ ಓದಿಸಿದ ಬಳಿಕ ತೋರಿಸಬೇಕು. ತೋರಿಸಿದ ಬಳಿಕ ಮೂರು ಪ್ರಶ್ನೆಗಳನ್ನು ಕೇಳಬೇಕು. ನಾರಣಪ್ಪನನ್ನು ಕಂಡ ಮೇಲೆ ಅವನನ್ನು ಕುರಿತ ನಿಮ್ಮ ಸಂಶಯವು ಹೆಚ್ಚಿತೋ ಕುಗ್ಗಿತೋ? ಚಿತೆಯು ಉರಿದ ಮೇಲೆ ಕಥೆಯು ನಿಮಗೆ ಮುಗಿಯಿತೋ ಮೊದಲಾಯಿತೋ? ಚಂದ್ರಿಯು ಯಾವ ಕೃತಿಯಲ್ಲಿ ನಿಮಗೆ ಹೆಚ್ಚು ಪರಿಚಿತಳಾದಳು? ಈ ಮೂರಕ್ಕೆ ಪ್ರಾಮಾಣಿಕವಾದ ಉತ್ತರವನ್ನು ಕೊಟ್ಟ ವಿದ್ಯಾರ್ಥಿಗೆ ಶ್ರವ್ಯ-ದೃಶ್ಯಗಳ ಭೇದವನ್ನು ಲಕ್ಷಣಗ್ರಂಥದಿಂದ ಬೇರೆಯಾಗಿ ಬೋಧಿಸುವ ಅವಶ್ಯಕತೆಯು ಅಷ್ಟಾಗಿ ಉಳಿಯದು.